ಚುಕ್ಕಿ ಹಾಕಿದರೂ ಪಟ್ಟಿ ಬರಲಿಲ್ಲವೇ? ಪೈಥಾನ್ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳೆಲ್ಲ ಪೈಥಾನ್ ಆಟೊಕಂಪ್ಲೀಷನ್ (ಚುಕ್ಕಿ ಹಾಕಿದಾಗ ಎಡಿಟರ್ ಸೂಚಿಸುವ ಹೆಸರುಗಳ ಪಟ್ಟಿ) ಸುತ್ತಲೇ ಇವೆ. ಕೀವರ್ಡ್‌ಗಳನ್ನೂ ಆಯ್ಕೆಗಳ ಹೆಸರುಗಳನ್ನೂ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ.

ಪ್ರಶ್ನೆ: ಪ್ರೋಗ್ರಾಂ ಓಡಿಸದೆಯೇ ಎಡಿಟರ್‌ಗೆ ವೇರಿಯಬಲ್‌ನೊಳಗೆ ಏನಿದೆ ಅಂತ ಹೇಗೆ ಗೊತ್ತಾಗುತ್ತದೆ? ಪೈಥಾನ್‌ನಲ್ಲಿ ಟೈಪ್ ಬರೆಯುವುದೇ ಇಲ್ಲವಲ್ಲ?

ಗೊತ್ತಾಗುವುದಿಲ್ಲ, ಊಹಿಸುತ್ತದೆ. ಆ ಊಹೆಗೆ ಒಂದು ಕ್ರಮವಿದೆ.

ಮೊದಲ ತೊಡಕು ಪಾರ್ಸಿಂಗ್‌ನದು, ಅಂದರೆ ಕೋಡ್ ಓದಿ ಅದರ ರಚನೆ ಬಿಡಿಸುವುದು. ನೀವು ಹೆಸರು ಬರೆದು ಚುಕ್ಕಿ ಹಾಕಿ ನಿಂತ ಆ ಕ್ಷಣದಲ್ಲಿ ನಿಮ್ಮ ಕಡತ ಸರಿಯಾದ ಪೈಥಾನ್ ಅಲ್ಲ. ಚುಕ್ಕಿಯ ಮುಂದೆ ಏನೂ ಇಲ್ಲದಿದ್ದರೆ ಅದು ಸಿಂಟ್ಯಾಕ್ಸ್ ಎರರ್. ಪೈಥಾನ್ ಜೊತೆಗೇ ಬರುವ ಎಎಸ್‌ಟಿ ಮಾಡ್ಯೂಲ್‌ಗೆ ಈ ಕಡತ ಕೊಟ್ಟರೆ ಅದು ಇಡೀ ಕಡತವನ್ನೇ ತಿರಸ್ಕರಿಸುತ್ತದೆ. ಅಂದರೆ ಆಟೊಕಂಪ್ಲೀಷನ್ ಎಂಬುದು ಸದಾ ಅರ್ಧ ಬರೆದ, ಮುರಿದ ಕೋಡ್ ಮೇಲೆಯೇ ನಡೆಯಬೇಕಾದ ಕೆಲಸ. ಹಾಗಾಗಿ, ಎಡಿಟರ್ ಹಿಂದೆ ನಿಂತು ಊಹಿಸುವ ಎಂಜಿನ್‌ಗಳಲ್ಲೊಂದಾದ ಜೆಡೈ ಲೈಬ್ರರಿ ಪಾರ್ಸೊ ಎಂಬ ಬೇರೆ ಪಾರ್ಸರ್ ಬಳಸುತ್ತದೆ. ತಪ್ಪಿರುವ ಜಾಗಕ್ಕೊಂದು ಗುರುತು ಹಾಕಿ ಮುಂದೆ ಹೋಗುವುದು, ಕಡತ ಬದಲಾದಾಗ ಬದಲಾದ ಭಾಗವನ್ನಷ್ಟೇ ಮತ್ತೆ ಓದುವುದು ಅದರ ಗುಣ. ಪೈರೈಟ್ ಎಂಬ ಇನ್ನೊಂದು ಎಂಜಿನ್‌ಗೂ ತಪ್ಪು ಕಂಡರೆ ನಿಲ್ಲದ ಸ್ವಂತ ಪಾರ್ಸರ್ ಇದೆ.

ಎರಡನೆಯದು ಹೆಸರಿನ ಮೂಲ ಹುಡುಕುವುದು. ಈ ಹೆಸರು ಈ ಸ್ಕೋಪ್‌ನದೇ, ಹೊರಗಿನ ಫಂಕ್ಷನ್‌ನದೇ, ಇಂಪೋರ್ಟ್ ಆಗಿ ಬಂದದ್ದೇ? ಸಿಕ್ಕ ಮೇಲೆ ಆ ಸಾಲಿಗೆ ತಲುಪಬಲ್ಲ ಅಸೈನ್‌ಮೆಂಟ್‌ಗಳು ಯಾವುವು ಎಂದು ಹಿಮ್ಮುಖವಾಗಿ ನಡೆದು ನೋಡುತ್ತದೆ. ಮೇಲೆ ಪೂರ್ಣಾಂಕ ಇಟ್ಟು ಕೆಳಗೆ ಅದೇ ಹೆಸರಿಗೆ ಸ್ಟ್ರಿಂಗ್ ಇಟ್ಟರೆ, ಎರಡು ಸಾಲುಗಳಲ್ಲಿ ಎರಡು ಬೇರೆ ಪಟ್ಟಿ ಬರುವುದು ಇದರಿಂದಲೇ. ಇಫ್ ಕವಲಿನ ಎರಡೂ ಕಡೆ ಬೇರೆ ಬೇರೆ ಇಟ್ಟರೆ, ಕವಲು ಸೇರಿದ ಮೇಲೆ ಯೂನಿಯನ್, ಅಂದರೆ ‘ಇದು ಅಥವಾ ಅದು’ ಎಂಬ ಟೈಪ್ ಆಗುತ್ತದೆ.

ಮೂರನೆಯದು ಬಲಗಡೆಯ ಲೆಕ್ಕ. ಅಲ್ಲಿ ಓಪನ್ ಫಂಕ್ಷನ್ ಕರೆದಿದ್ದೀರಿ ಎನ್ನಿ. ಅದರ ಉತ್ತರ ಟೈಪ್‌ಶೆಡ್ ಎಂಬ ಸ್ಟಬ್ ಸಂಗ್ರಹದಲ್ಲಿದೆ. ಸ್ಟಬ್ ಎಂದರೆ ಒಡಲಿಲ್ಲದೆ ಬರೀ ಹೆಸರು-ಟೈಪ್‌ಗಳನ್ನು ಬರೆದಿಟ್ಟ ಪಿವೈಐ ಕಡತ. ಓಪನ್‌ಗೆ ಅಲ್ಲಿ ಹಲವು ಓವರ್‌ಲೋಡ್‌ಗಳಿವೆ: ಮೋಡ್ ಜಾಗದಲ್ಲಿ ‘ಆರ್’ ಎಂದು ನೇರ ಬರೆದರೆ ಟೆಕ್ಸ್ಟ್ ಕಡತದ ಮೆಥಡ್‌ಗಳು, ‘ಆರ್‌ಬಿ’ ಎಂದರೆ ಬೈನರಿ ಕಡತದವು. ಅದೇ ಮೋಡ್ ಅನ್ನು ಎಲ್ಲಿಂದಲೋ ಬಂದ ಸ್ಟ್ರಿಂಗ್ ವೇರಿಯಬಲ್‌ನಲ್ಲಿ ಕೊಟ್ಟರೆ ಯಾವ ಓವರ್‌ಲೋಡ್ ಎಂದು ನಿರ್ಧರಿಸಲಾಗದೆ ಸಾಮಾನ್ಯ ಐಒ ಟೈಪ್ ಬರುತ್ತದೆ, ರೀಡ್ ಮಾಡಿದಾಗ ಏನು ಸಿಗುತ್ತದೆ ಎಂಬುದು ಮಸುಕಾಗುತ್ತದೆ.

ಇಷ್ಟೆಲ್ಲ ನಡೆಯುವುದು ಬೇಕಾದ ಹೆಸರಿಗೆ ಮಾತ್ರ. ಒಂದು ಚುಕ್ಕಿಗಾಗಿ ಇಡೀ ಪ್ರಾಜೆಕ್ಟ್ ಲೆಕ್ಕ ಹಾಕುತ್ತಾ ಕೂತರೆ ಪಟ್ಟಿ ಬರುವಷ್ಟರಲ್ಲಿ ನೀವೇ ಹೆಸರು ಬರೆದು ಮುಗಿಸಿರುತ್ತೀರಿ.

ಪ್ರಶ್ನೆ: ಆಬ್ಜೆಕ್ಟ್ ಮಾಡಿ ಡಾಟ್ ಹಾಕಿದರೆ ಎಲ್ಲ ಮೆಥಡ್‌ಗಳೂ ಬರುತ್ತವೆ. ಅದನ್ನೇ ಫಂಕ್ಷನ್‌ಗೆ ಕಳಿಸಿ, ಒಳಗೆ ಡಾಟ್ ಹಾಕಿದರೆ ಖಾಲಿ. ಏನು ತಪ್ಪು ಮಾಡುತ್ತಿದ್ದೇನೆ?

ತಪ್ಪೇನಿಲ್ಲ. ಫಂಕ್ಷನ್ ಒಳಗೆ ನಿಂತು ನೋಡಿದರೆ ಪ್ಯಾರಾಮೀಟರ್ ಎಂಬುದು ಬರೀ ಹೆಸರು. ಅದಕ್ಕೆ ಅಸೈನ್‌ಮೆಂಟ್ ಇಲ್ಲ, ಹಿಮ್ಮುಖವಾಗಿ ನಡೆಯಲು ದಾರಿಯೇ ಇಲ್ಲ. ಇಲ್ಲಿ ಎಂಜಿನ್‌ಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಜೆಡೈ ಆ ಫಂಕ್ಷನ್ ಅನ್ನು ಯಾರು ಎಲ್ಲಿ ಕರೆದಿದ್ದಾರೆ ಎಂದು ಹುಡುಕಿ, ಕಳಿಸಿದ ವಸ್ತುವಿನಿಂದ ಊಹಿಸಲು ನೋಡುತ್ತದೆ; ಹುಡುಕಾಟಕ್ಕೆ ಮಿತಿ ಇರುವುದರಿಂದ ದೊಡ್ಡ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಪೈರೈಟ್ ಹಾಗೆ ಹುಡುಕುವುದಿಲ್ಲ. ಹಿಂಟ್ (ಟೈಪ್ ಯಾವುದೆಂದು ಹೆಸರಿನ ಪಕ್ಕ ನೀವೇ ಬರೆಯುವ ಸೂಚನೆ) ಇಲ್ಲದಿದ್ದರೆ ಅದು ನೋಡುವುದು ಎರಡೇ ಕಡೆ. ತಂದೆ ಕ್ಲಾಸ್‌ನ ಅದೇ ಹೆಸರಿನ ಮೆಥಡ್‌ನಲ್ಲಿ ಹಿಂಟ್ ಇದ್ದರೆ ಅದನ್ನು ತೆಗೆದುಕೊಳ್ಳುತ್ತದೆ. ಇಲ್ಲವಾದರೆ ಡೀಫಾಲ್ಟ್ ಬೆಲೆ ನೋಡುತ್ತದೆ. ಡೀಫಾಲ್ಟ್ ಸೊನ್ನೆ ಇದ್ದರೆ ಇಂಟ್. ಡೀಫಾಲ್ಟ್ ನನ್ (ಪೈಥಾನ್‌ನ ‘ಏನೂ ಇಲ್ಲ’ ಎಂಬ ಬೆಲೆ) ಇದ್ದರೆ ಮಾತ್ರ ಅದರಿಂದ ಏನೂ ತಿಳಿಯದು.

ಪೈರೈಟ್ ಕರೆದ ಜಾಗದ ಆರ್ಗ್ಯುಮೆಂಟ್‌ಗಳನ್ನು ಬಳಸುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಬಳಸುತ್ತದೆ, ಆದರೆ ತಿರುಗುಮುರುಗಾಗಿ: ಸಣ್ಣ ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆ ಎಂದು ತಿಳಿಯಲು ಮಾತ್ರ. ಫಂಕ್ಷನ್‌ನ ಒಡಲೊಳಗೆ ಚುಕ್ಕಿ ಹಾಕಿದಾಗ ಅದರಿಂದ ಉಪಯೋಗವಿಲ್ಲ.

ಆದ್ದರಿಂದ ಪ್ಯಾರಾಮೀಟರ್‌ಗೆ ಹಿಂಟ್ ಹಾಕಿ. ನನ್ನನ್ನು ಕೇಳಿದರೆ ಹಿಂಟ್ ಹಾಕಲೇಬೇಕಾದ ಮೊದಲ ಜಾಗ ಇದು. ಒಳಗಿನ ಲೋಕಲ್ ವೇರಿಯಬಲ್‌ಗಳಿಗೆ ಹಾಕುತ್ತಾ ಕೂರುವುದು ಬಹುತೇಕ ವ್ಯರ್ಥ ಶ್ರಮ, ಅವನ್ನು ಎಂಜಿನ್ ತಾನೇ ಕಂಡುಕೊಳ್ಳುತ್ತದೆ. ಹಾಕುವಾಗ ಅರ್ಧಂಬರ್ಧ ಹಾಕಬೇಡಿ. ಬರೀ ‘ಲಿಸ್ಟ್’ ಎಂದು ಬರೆದರೆ ಅಪೆಂಡ್, ಪಾಪ್ ಬರುತ್ತವೆ, ಅದರೊಳಗಿನ ವಸ್ತುವಿನ ಮೇಲೆ ಲೂಪ್ ಹಾಕಿದಾಗ ಮತ್ತೆ ಖಾಲಿ. ಚೌಕ ಕಂಸದಲ್ಲಿ ಒಳಗಿನ ಟೈಪ್ ಕೂಡ ಬೇಕು, ಪೈಥಾನ್ 3.9ರಿಂದ ಟೈಪಿಂಗ್ ಮಾಡ್ಯೂಲ್ ಇಂಪೋರ್ಟ್ ಇಲ್ಲದೆ ಸಣ್ಣಕ್ಷರದ ಲಿಸ್ಟ್, ಡಿಕ್ಟ್‌ಗಳಿಗೇ ಇದನ್ನು ಬರೆಯಬಹುದು.

ಹಿಂಟ್‌ಗಾಗಿ ಇಂಪೋರ್ಟ್ ಮಾಡಿದ್ದರಿಂದಲೇ ಸರ್ಕ್ಯುಲರ್ ಇಂಪೋರ್ಟ್ ಎರರ್ ಬಂದರೆ, ಟೈಪಿಂಗ್ ಮಾಡ್ಯೂಲ್‌ನ ಟೈಪ್_ಚೆಕಿಂಗ್ ಸ್ಥಿರಾಂಕದ ಇಫ್ ಒಳಗೆ ಆ ಇಂಪೋರ್ಟ್ ಇಟ್ಟು, ಹಿಂಟ್ ಅನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಓಡುವಾಗ ಆ ಸ್ಥಿರಾಂಕ ಫಾಲ್ಸ್, ಓಡಿಸದೆ ಕೋಡ್ ಓದುವ ಅನಲೈಸರ್‌ನ ಕಣ್ಣಿಗೆ ಟ್ರೂ.

ಪ್ರಶ್ನೆ: ಖಾಲಿ ಲಿಸ್ಟ್ ಮಾಡಿ, ಲೂಪ್‌ನಲ್ಲಿ ಆಬ್ಜೆಕ್ಟ್‌ಗಳನ್ನು ಅಪೆಂಡ್ ಮಾಡುತ್ತೇನೆ. ಆಮೇಲೆ ಒಂದೊಂದನ್ನೇ ತೆಗೆದು ಡಾಟ್ ಹಾಕಿದರೆ ಏನೂ ಬರುವುದಿಲ್ಲ. ಸಹೋದ್ಯೋಗಿಯ ಎಡಿಟರ್‌ನಲ್ಲಿ ಅದೇ ಕೋಡ್‌ಗೆ ಬರುತ್ತದೆ!

ಇಬ್ಬರ ಎಡಿಟರ್ ಹಿಂದಿನ ಎಂಜಿನ್ ಬೇರೆ ಇರಬೇಕು. ಜೆಡೈ ಅಪೆಂಡ್ ಕರೆಗಳನ್ನು ನೋಡಿ ಒಳಗೇನಿದೆ ಎಂದು ಊಹಿಸುತ್ತದೆ. ಮೈಪೈ ಎಂಬ ಟೈಪ್ ಚೆಕ್ಕರ್ ಅದೇ ಸ್ಕೋಪ್‌ನ ಮೊದಲ ಅಪೆಂಡ್‌ನಿಂದ ಟೈಪ್ ತೀರ್ಮಾನಿಸುತ್ತದೆ. ಪೈರೈಟ್ ಮಾತ್ರ ಖಾಲಿ ಲಿಸ್ಟ್ ಎಂದರೆ ‘ಅಜ್ಞಾತ ವಸ್ತುಗಳ ಲಿಸ್ಟ್’ ಎಂದು ಬರೆದುಕೊಂಡು ಸುಮ್ಮನಾಗುತ್ತದೆ. ಮೌಸ್ ಇಟ್ಟು ನೋಡಿದರೆ ಅನ್‌ನೋನ್ ಅಥವಾ ಎನಿ ಎಂದು ಕಾಣುತ್ತದೆ. ಖಾಲಿ ಲಿಸ್ಟ್, ಖಾಲಿ ಡಿಕ್ಟ್, ಡೀಫಾಲ್ಟ್‌ಡಿಕ್ಟ್ ಹುಟ್ಟುವ ಸಾಲಿನಲ್ಲೇ ಹಿಂಟ್ ಹಾಕಿ. ಲೋಕಲ್ ವೇರಿಯಬಲ್‌ಗೆ ಹಿಂಟ್ ಬೇಡ ಎಂದು ಮೇಲೆ ಹೇಳಿದ ಮಾತಿಗೆ ಇದೊಂದು ಅಪವಾದ. ಇಲ್ಲವೇ ಲೂಪ್ ಬದಲು ಲಿಸ್ಟ್ ಕಾಂಪ್ರಹೆನ್ಷನ್ ಬರೆದರೆ ಹಿಂಟ್ ಕೂಡ ಬೇಕಿಲ್ಲ.

ಪ್ರಶ್ನೆ: ರೆಗ್ಯುಲರ್ ಎಕ್ಸ್‌ಪ್ರೆಷನ್‌ನ ಮ್ಯಾಚ್ ಬಳಸಿದಾಗ ಗ್ರೂಪ್ ಎಂಬ ಸಲಹೆಯನ್ನು ಎಡಿಟರ್ ತಾನೇ ಕೊಡುತ್ತದೆ, ಆರಿಸಿಕೊಂಡ ಮೇಲೆ ಅದಕ್ಕೇ ಕೆಂಪು ಗೆರೆ ಎಳೆಯುತ್ತದೆ. ಇದೆಂಥ ನ್ಯಾಯ?

ಒಂದೇ ಎಂಜಿನ್‌ನ ಎರಡು ಕೆಲಸಗಳಿವು. ಎರಡಕ್ಕೂ ತಪ್ಪಿನ ಬೆಲೆ ಬೇರೆ. ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗಿ ಬಂದರೆ ನಷ್ಟವಿಲ್ಲ, ಬೇಕಾದದ್ದು ಬಾರದಿದ್ದರೆ ಕಿರಿಕಿರಿ. ಆದ್ದರಿಂದ ಯೂನಿಯನ್ ಇದ್ದಾಗ ಆಟೊಕಂಪ್ಲೀಷನ್ ಅದರ ಪ್ರತಿ ಭಾಗದ ಮೆಥಡ್‌ಗಳನ್ನೂ ಒಟ್ಟು ಹಾಕಿ ತೋರಿಸುತ್ತದೆ. ತಪ್ಪು ಹುಡುಕುವ ಚೆಕ್ಕರ್ ಹಾಗಲ್ಲ: ಯೂನಿಯನ್‌ನ ಎಲ್ಲ ಭಾಗಗಳಲ್ಲೂ ಆ ಮೆಥಡ್ ಇದ್ದರಷ್ಟೇ ಒಪ್ಪುತ್ತದೆ. ಮ್ಯಾಚ್ ಫಂಕ್ಷನ್ ಹಿಂದಿರುಗಿಸುವುದು ಮ್ಯಾಚ್ ಆಬ್ಜೆಕ್ಟ್ ಅಥವಾ ನನ್. ನನ್‌ನಲ್ಲಿ ಗ್ರೂಪ್ ಇಲ್ಲ, ಆದ್ದರಿಂದ ಗೆರೆ. ಮತ್ತು ಗೆರೆ ಎಳೆದದ್ದು ಸರಿ.

‘ನನ್ ಆದರೆ ಇಲ್ಲಿಂದಲೇ ರಿಟರ್ನ್’ ಎಂಬ ಸಾಲು ಹಾಕಿ. ಅದರ ಕೆಳಗಿನ ಸಾಲುಗಳಲ್ಲಿ ಎಂಜಿನ್ ನನ್ ಅನ್ನು ಕಳೆದು ಹಾಕುತ್ತದೆ. ಇದಕ್ಕೆ ನ್ಯಾರೋಯಿಂಗ್ ಎನ್ನುತ್ತಾರೆ. ಇಸ್‌ಇನ್‌ಸ್ಟೆನ್ಸ್ ಪರೀಕ್ಷೆಯೂ ಹೀಗೇ ಕೆಲಸ ಮಾಡುತ್ತದೆ. ಟೈಪ್ ಇಗ್ನೋರ್ ಎಂಬ ಕಮೆಂಟ್ ಅಂಟಿಸಿ ಗೆರೆ ಅಳಿಸಿದರೆ ಓಡುವಾಗ ಆಟ್ರಿಬ್ಯೂಟ್ ಎರರ್ ಕಾದಿರುತ್ತದೆ.

ಇದರದೇ ಇನ್ನೊಂದು ರೂಪ ಹೆಚ್ಚು ಕಾಡುತ್ತದೆ. ಇನಿಟ್ ಮೆಥಡ್‌ನಲ್ಲಿ ಸೆಲ್ಫ್‌ನ ಕನೆಕ್ಷನ್‌ಗೆ ನನ್ ಇಟ್ಟು, ಕನೆಕ್ಟ್ ಎಂಬ ಮೆಥಡ್‌ನಲ್ಲಿ ನಿಜವಾದ ವಸ್ತು ಇಡುವುದು. ಕ್ಲಾಸ್‌ನೊಳಗಿನ ಎಲ್ಲ ಅಸೈನ್‌ಮೆಂಟ್ ಸೇರಿಸಿ ಪೈರೈಟ್ ಯೂನಿಯನ್ ಮಾಡುತ್ತದೆ. ಒಂದು ಮೆಥಡ್‌ನಲ್ಲಿ ಮಾಡಿದ ನನ್ ಪರೀಕ್ಷೆ ಇನ್ನೊಂದು ಮೆಥಡ್‌ಗೆ ದಾಟುವುದಿಲ್ಲ, ಹಾಗಾಗಿ ಪ್ರತಿ ಮೆಥಡ್‌ನಲ್ಲೂ ಕೆಂಪು. ಸಾಧ್ಯವಿದ್ದರೆ ಇನಿಟ್‌ನಲ್ಲೇ ವಸ್ತುವನ್ನು ಕಟ್ಟಿ. ಆಗದಿದ್ದರೆ ಒಂದು ಪ್ರಾಪರ್ಟಿ ಬರೆದು, ನನ್ ಇದ್ದರೆ ರನ್‌ಟೈಮ್ ಎರರ್ ಎಬ್ಬಿಸಿ, ಇಲ್ಲವಾದರೆ ವಸ್ತುವನ್ನು ಹಿಂದಿರುಗಿಸಿ. ಉಳಿದ ಮೆಥಡ್‌ಗಳು ಆ ಪ್ರಾಪರ್ಟಿಯನ್ನೇ ಬಳಸಲಿ. ಪರೀಕ್ಷೆ ಒಂದೇ ಕಡೆ ಉಳಿಯುತ್ತದೆ.

ಪ್ರಶ್ನೆ: ಸರ್ವರ್‌ನಿಂದ ಬಂದ ಜೇಸನ್ ಓದಿದ ಮೇಲೆ ಕೀಗಳ ಹೆಸರು ಸಲಹೆಯಾಗಿ ಬರುವಂತೆ ಮಾಡಬಹುದೇ?

ಮಾಡಬಹುದು. ಜೇಸನ್‌ನ ಲೋಡ್ಸ್ ಫಂಕ್ಷನ್ ಹಿಂದಿರುಗಿಸುವುದು ಎನಿ. ಎನಿ ಮುಟ್ಟಿದ್ದೆಲ್ಲ ಎನಿ. ಅದರ ಆಟ್ರಿಬ್ಯೂಟ್, ಅದರಿಂದ ತೆಗೆದ ಐಟಂ, ಅದನ್ನು ಕಳಿಸಿದ ಹಿಂಟ್ ಇಲ್ಲದ ಫಂಕ್ಷನ್‌ನ ಉತ್ತರ, ಬಹುಪಾಲು ಎಲ್ಲವೂ. ಜೇಸನ್ ಒಳಬರುವ ಬಾಗಿಲಲ್ಲೇ ಅದನ್ನು ತಡೆಯಬೇಕು. ಟೈಪ್ಡ್‌ಡಿಕ್ಟ್‌ನಲ್ಲಿ (ಪೈಥಾನ್ 3.8ರಿಂದ ಟೈಪಿಂಗ್ ಮಾಡ್ಯೂಲ್‌ನಲ್ಲಿದೆ) ಕೀಗಳನ್ನೂ ಅವುಗಳ ಟೈಪ್‌ಗಳನ್ನೂ ಬರೆದು, ಲೋಡ್ಸ್‌ನ ಫಲಿತಾಂಶ ಹಿಡಿಯುವ ವೇರಿಯಬಲ್‌ಗೆ ಅದನ್ನು ಹಿಂಟ್ ಆಗಿ ಕೊಡಿ. ಚೌಕ ಕಂಸ ಮತ್ತು ಉದ್ಧರಣ ಚಿಹ್ನೆ ತೆರೆದ ಕೂಡಲೇ ಕೀಗಳು ಬರುತ್ತವೆ.

ಎಚ್ಚರ: ಟೈಪ್ಡ್‌ಡಿಕ್ಟ್ ಏನನ್ನೂ ಪರೀಕ್ಷಿಸುವುದಿಲ್ಲ. ಸರ್ವರ್ ಕೀ ಹೆಸರು ಬದಲಿಸಿದರೂ ಎಡಿಟರ್ ಹಳೆಯದನ್ನೇ ಗಟ್ಟಿಯಾಗಿ ತೋರಿಸುತ್ತಿರುತ್ತದೆ, ಓಡಿದಾಗ ಕೀ ಎರರ್. ಹೊರಗಿನ ಸರ್ವರ್ ಆದರೆ ಪೈಡಾಂಟಿಕ್‌ನಂಥ ಪರೀಕ್ಷಿಸುವ ಲೈಬ್ರರಿ ಮೇಲು. ಅದು ಡೇಟಾಕ್ಲಾಸ್_ಟ್ರಾನ್ಸ್‌ಫಾರ್ಮ್ ಬಳಸುವುದರಿಂದ ಕನ್‌ಸ್ಟ್ರಕ್ಟರ್‌ನ ಪ್ಯಾರಾಮೀಟರ್ ಹೆಸರುಗಳೂ ಎಡಿಟರ್‌ಗೆ ತಿಳಿಯುತ್ತವೆ.

ಪ್ರಶ್ನೆ: ಟರ್ಮಿನಲ್‌ನಲ್ಲಿ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ. ಎಡಿಟರ್ ಮಾತ್ರ ‘ಇಂಪೋರ್ಟ್ ಸಿಗಲಿಲ್ಲ’ ಅನ್ನುತ್ತದೆ, ಇಲ್ಲವೇ ಇಂಪೋರ್ಟ್ ಆದರೂ ಒಳಗಿನ ಹೆಸರು ತೋರಿಸುವುದಿಲ್ಲ. ಎಲ್ಲಿಂದ ಹುಡುಕಲಿ?

ಇಂಟರ್‌ಪ್ರಿಟರ್‌ನಿಂದ. ಟರ್ಮಿನಲ್‌ನ ಪೈಥಾನ್‌ನಲ್ಲಿ ಸಿಸ್ ಮಾಡ್ಯೂಲ್‌ನ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ, ಎಡಿಟರ್‌ನಲ್ಲಿ ಆಯ್ಕೆಯಾಗಿರುವ ಇಂಟರ್‌ಪ್ರಿಟರ್ ದಾರಿಯ ಜೊತೆ ಹೋಲಿಸಿ. ಬೇರೆ ಇದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು: ಲೈಬ್ರರಿ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿದೆ, ಎಡಿಟರ್ ಇನ್ನೊಂದರಲ್ಲಿ ಹುಡುಕುತ್ತಿದೆ.

ಅದು ಸರಿ ಇದ್ದರೆ ನಿಮ್ಮ ಫೋಲ್ಡರ್‌ನಲ್ಲೇ ಆ ಲೈಬ್ರರಿಯ ಹೆಸರಿನ ಕಡತ ಇದೆಯೇ ನೋಡಿ. ರ್‍ಯಾಂಡಮ್ ಎಂಬ ಹೆಸರಿನಲ್ಲಿ ಪ್ರಯೋಗದ ಕಡತ ಬರೆದು ಮರೆತವರು ಬಹಳ.

ಮುಂದೆ, ‘ಸೆಟಪ್‌ಟೂಲ್ಸ್’ ಮೂಲಕ ಎಡಿಟಬಲ್ ಆಗಿ ಇನ್‌ಸ್ಟಾಲ್ ಮಾಡಿದ ನಿಮ್ಮದೇ ಪ್ಯಾಕೇಜ್. ಸೆಟಪ್‌ಟೂಲ್ಸ್ 64ರಿಂದ ಇದು ಹಲವು ಸಲ ಇಂಪೋರ್ಟ್ ಹುಕ್ ಮೂಲಕ ನಡೆಯುತ್ತದೆ. ಹುಕ್ ಎಂದರೆ ಓಡುವ ಕೋಡ್, ಸ್ಟ್ಯಾಟಿಕ್ ಅನಲೈಸರ್ ಅದನ್ನು ಓಡಿಸುವುದಿಲ್ಲ, ಆದ್ದರಿಂದ ಪ್ಯಾಕೇಜ್ ಕಾಣುವುದಿಲ್ಲ. ಪಿಪ್‌ಗೆ ಕಾನ್ಫಿಗ್ ಸೆಟ್ಟಿಂಗ್ಸ್ ಆಯ್ಕೆಯಲ್ಲಿ ಎಡಿಟಬಲ್_ಮೋಡ್ ಅನ್ನು ಕಂಪ್ಯಾಟ್ ಎಂದು ಕೊಟ್ಟು ಮತ್ತೆ ಇನ್‌ಸ್ಟಾಲ್ ಮಾಡಿದರೆ ಹಳೆಯ ದಾರಿ-ಕಡತದ ಪದ್ಧತಿಗೆ ಮರಳುತ್ತದೆ.

ಇಂಪೋರ್ಟ್ ಆಗಿ ಹೆಸರುಗಳಷ್ಟೇ ಬಾರದಿದ್ದರೆ ಆ ಮಾಡ್ಯೂಲ್ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಆಗಿರಬಹುದು. ಓದಲು ಮೂಲವೇ ಇಲ್ಲ. ಜೆಡೈ ಇಂಥ ಮಾಡ್ಯೂಲ್ ಅನ್ನು ಬೇರೆ ಪ್ರೊಸೆಸ್‌ನಲ್ಲಿ ನಿಜವಾಗಿಯೇ ಇಂಪೋರ್ಟ್ ಮಾಡಿ ಒಳಗಿನ ಹೆಸರು ಕೇಳುತ್ತದೆ. ಪೈರೈಟ್ ಕೋಡ್ ಓಡಿಸುವುದಿಲ್ಲವಾದ್ದರಿಂದ ಅದಕ್ಕೆ ಸ್ಟಬ್ ಬೇಕೇ ಬೇಕು. ಮೊದಲು ‘ಟೈಪ್ಸ್-’ ಎಂದು ಶುರುವಾಗುವ ಸ್ಟಬ್ ಪ್ಯಾಕೇಜ್ ಪಿಪ್‌ನಲ್ಲಿ ಇದೆಯೇ ಹುಡುಕಿ. ಇಲ್ಲದಿದ್ದರೆ ಮೈಪೈ ಜೊತೆ ಬರುವ ಸ್ಟಬ್‌ಜೆನ್‌ನಿಂದ ಒಂದು ಕರಡು ತೆಗೆದು, ಪ್ರಾಜೆಕ್ಟ್ ಬುಡದಲ್ಲಿ ಟೈಪಿಂಗ್ಸ್ ಎಂಬ ಫೋಲ್ಡರ್‌ನಲ್ಲಿಡಿ. ಪೈರೈಟ್ ಡೀಫಾಲ್ಟ್ ಆಗಿ ಅಲ್ಲಿ ನೋಡುತ್ತದೆ. ಕರಡಿನಲ್ಲಿ ಹೆಸರುಗಳಿರುತ್ತವೆ, ಟೈಪ್‌ಗಳು ಬಹುಪಾಲು ಇರುವುದಿಲ್ಲ. ನೀವು ದಿನವೂ ಬಳಸುವ ನಾಲ್ಕಾರು ಫಂಕ್ಷನ್‌ಗಳ ರಿಟರ್ನ್ ಟೈಪ್ ಕೈಯಾರೆ ತುಂಬಿದರೆ ಸಾಕು.

ಕೊನೆಯದಾಗಿ, ಸ್ಟಬ್ ಇದ್ದರೆ ಎಡಿಟರ್ ಅದನ್ನೇ ನಂಬುತ್ತದೆ, ಲೈಬ್ರರಿಯ ಕೋಡನ್ನಲ್ಲ. ಲೈಬ್ರರಿ ಹೊಸದು, ಸ್ಟಬ್ ಹಳೆಯದು ಆದರೆ ಇರುವ ಮೆಥಡ್ ಪಟ್ಟಿಯಲ್ಲಿ ಬರುವುದಿಲ್ಲ. ಎರಡರ ಆವೃತ್ತಿ ಹೊಂದಿಸಿ.

ಪ್ರಶ್ನೆ: ನೋಟ್‌ಬುಕ್‌ನಲ್ಲಿ ಡೇಟಾಫ್ರೇಮ್‌ನ ಕಾಲಂ ಹೆಸರುಗಳು ಟ್ಯಾಬ್ ಒತ್ತಿದರೆ ಬರುತ್ತವೆ. ಅದೇ ಕೋಡನ್ನು ಸ್ಕ್ರಿಪ್ಟ್ ಕಡತಕ್ಕೆ ಹಾಕಿದರೆ ಬರುವುದಿಲ್ಲ.

ಕಾಲಂ ಹೆಸರುಗಳಿರುವುದು ನಿಮ್ಮ ಸಿಎಸ್‌ವಿ ಕಡತದಲ್ಲಿ, ಕೋಡ್‌ನಲ್ಲಲ್ಲ. ಸ್ಟ್ಯಾಟಿಕ್ ಅನಲೈಸರ್ ಸಿಎಸ್‌ವಿ ತೆರೆಯುವುದಿಲ್ಲ. ನೋಟ್‌ಬುಕ್‌ನಲ್ಲಿ ಡೇಟಾಫ್ರೇಮ್ ಆಗಲೇ ಮೆಮೊರಿಯಲ್ಲಿದೆ, ನೋಟ್‌ಬುಕ್ ಹಿಂದಿರುವ ಐಪೈಥಾನ್ ಆ ಜೀವಂತ ವಸ್ತುವನ್ನೇ ಕೇಳುತ್ತದೆ. ಅಲ್ಲೂ ಮಿತಿಗಳುಂಟು: ಚುಕ್ಕಿಯ ನಂತರ ಬರುವುದು ಪೈಥಾನ್ ಹೆಸರಾಗಬಲ್ಲ ಕಾಲಂಗಳು ಮಾತ್ರ, ನಡುವೆ ಜಾಗವಿರುವ ಹೆಸರಿಗೆ ಚೌಕ ಕಂಸ ತೆರೆದು ಟ್ಯಾಬ್ ಒತ್ತಬೇಕು. ಪಾಂಡಾಸ್ ಚುಕ್ಕಿಗೆ ಕೊಡುವ ಕಾಲಂಗಳ ಮಿತಿ ಡೀಫಾಲ್ಟ್ ಆಗಿ 100, ಡಿಸ್‌ಪ್ಲೇ.ಮ್ಯಾಕ್ಸ್_ಡಿರ್_ಐಟಮ್ಸ್ ಆಯ್ಕೆಯಲ್ಲಿ ಬದಲಿಸಬಹುದು.

ನೋಟ್‌ಬುಕ್‌ನಲ್ಲಿ ಟ್ಯಾಬ್ ಒತ್ತಿ ಸೆಕೆಂಡುಗಟ್ಟಲೆ ಕಾಯಬೇಕಾದರೆ ಐಪೈಥಾನ್‌ನ ಕಂಪ್ಲೀಟರ್‌ನ ಯೂಸ್_ಜೆಡೈ ಆಯ್ಕೆಯನ್ನು ಫಾಲ್ಸ್ ಮಾಡಿ ನೋಡಿ. ಜೀವಂತ ವಸ್ತು ಕೈಯಲ್ಲೇ ಇರುವಾಗ ಊಹೆಯ ಅಗತ್ಯ ಕಡಿಮೆ. ಸ್ಕ್ರಿಪ್ಟ್‌ನಲ್ಲಾದರೆ ಕಾಲಂ ಹೆಸರುಗಳನ್ನು ಸ್ಥಿರಾಂಕಗಳಾಗಿ ಒಂದು ಕ್ಲಾಸ್‌ನಲ್ಲಿ ಬರೆದಿಟ್ಟು ಅವನ್ನೇ ಬಳಸಿ. ಸಲಹೆಯೂ ಬರುತ್ತದೆ, ಅಕ್ಷರ ತಪ್ಪೂ ತಪ್ಪುತ್ತದೆ.

ಪ್ರಶ್ನೆ: ನನ್ನದೇ ಡೆಕೊರೇಟರ್ ಹಾಕಿದ ಮೇಲೆ ಫಂಕ್ಷನ್‌ನ ಪ್ಯಾರಾಮೀಟರ್ ಹೆಸರುಗಳು ಮಾಯ. ಫಂಕ್‌ಟೂಲ್ಸ್‌ನ ರ್‍ಯಾಪ್ಸ್ ಕೂಡ ಹಾಕಿದ್ದೇನೆ.

ಡೆಕೊರೇಟರ್‌ಗೆ ರಿಟರ್ನ್ ಹಿಂಟ್ ಆಗಿ ಬರೀ ‘ಕಾಲಬಲ್’ ಎಂದು ಬರೆದಿದ್ದೀರಾ? ಹಾಗಿದ್ದರೆ ಕಾರಣ ಅದೇ. ವಿಚಿತ್ರವೆಂದರೆ ಏನೂ ಬರೆಯದೆ ಬಿಟ್ಟಿದ್ದರೆ ಪೈರೈಟ್ ‘ಇದು ಫಂಕ್ಷನ್‌ನ ಪ್ಯಾರಾಮೀಟರ್‌ಗಳನ್ನೂ ರಿಟರ್ನ್ ಟೈಪನ್ನೂ ಬದಲಿಸದು’ ಎಂದು ಅನೇಕ ಸಲ ಊಹಿಸಿಕೊಂಡು ಮೂಲ ಪ್ಯಾರಾಮೀಟರ್‌ಗಳನ್ನೇ ತೋರಿಸುತ್ತಿತ್ತು. ನೀವು ಬರೆದ ಹಿಂಟ್ ‘ಏನಾದರೂ ತೆಗೆದುಕೊಂಡು ಏನಾದರೂ ಕೊಡುವ ಫಂಕ್ಷನ್’ ಎಂದು ಹೇಳಿತು, ಎಂಜಿನ್ ನಿಮ್ಮ ಮಾತು ಕೇಳಿತು. ಪೈಥಾನ್ 3.10ರಲ್ಲಿ ಬಂದ ಪ್ಯಾರಮ್‌ಸ್ಪೆಕ್ ಬಳಸಿ: ಒಳಬಂದ ಫಂಕ್ಷನ್‌ನ ಪ್ಯಾರಾಮೀಟರ್‌ಗಳಿಗೆ ಒಂದು ಪ್ಯಾರಮ್‌ಸ್ಪೆಕ್, ರಿಟರ್ನ್‌ಗೆ ಒಂದು ಟೈಪ್‌ವಾರ್, ಹೊರಹೋಗುವ ಕಾಲಬಲ್‌ನಲ್ಲೂ ಅವೇ ಎರಡು. ಒಳಗಿನ ರ್‍ಯಾಪರ್‌ನ ಆರ್ಗ್ಸ್, ಕೆಡಬ್ಲ್ಯುಆರ್ಗ್ಸ್ ಎರಡಕ್ಕೂ ಆ ಪ್ಯಾರಮ್‌ಸ್ಪೆಕ್‌ನ ಆರ್ಗ್ಸ್, ಕೆಡಬ್ಲ್ಯುಆರ್ಗ್ಸ್ ಅನ್ನೇ ಹಿಂಟ್ ಆಗಿ ಕೊಡಬೇಕು; ಒಂದನ್ನು ಬಿಟ್ಟರೂ ಚೆಕ್ಕರ್ ಒಪ್ಪುವುದಿಲ್ಲ.

ಪ್ರಶ್ನೆ: ಪ್ರಾಜೆಕ್ಟ್ ದೊಡ್ಡದಾದಂತೆ ಸಲಹೆ ಬರುವುದು ತಡವಾಗುತ್ತಿದೆ.

ಎಡಿಟರ್‌ನಲ್ಲಿ ತೆರೆದಿರುವ ಫೋಲ್ಡರ್ ಯಾವುದು ನೋಡಿ. ಪ್ರಾಜೆಕ್ಟ್ ಬದಲು ಅದರ ಮೇಲಿನ, ಡೇಟಾ ಮತ್ತು ಹಳೆಯ ಪ್ರತಿಗಳೆಲ್ಲ ಇರುವ ಫೋಲ್ಡರ್ ತೆರೆದಿರುವುದು ಸಾಮಾನ್ಯ. ಕಡತಗಳನ್ನು ಎಣಿಸಲು 10 ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ಪೈರೈಟ್ ಔಟ್‌ಪುಟ್‌ನಲ್ಲಿ ಅದನ್ನು ಹೇಳುತ್ತದೆ. ಪೈರೈಟ್‌ನ ಎಕ್ಸ್‌ಕ್ಲೂಡ್ ಎಂಬ ಸೆಟ್ಟಿಂಗ್‌ನಲ್ಲಿ ಬೇಡದ ಫೋಲ್ಡರ್ ಹಾಕಿ. ಆದರೆ ನೀವೇ ಎಕ್ಸ್‌ಕ್ಲೂಡ್ ಬರೆದ ಕೂಡಲೇ ಅದರ ಡೀಫಾಲ್ಟ್ ಪಟ್ಟಿ (ನೋಡ್_ಮಾಡ್ಯೂಲ್ಸ್, ಪೈಕ್ಯಾಶ್, ಚುಕ್ಕಿಯಿಂದ ಶುರುವಾಗುವ ಫೋಲ್ಡರ್‌ಗಳು, ವರ್ಚುವಲ್ ಎನ್ವಿರಾನ್‌ಮೆಂಟ್) ರದ್ದಾಗುತ್ತದೆ, ಅವನ್ನೂ ಸೇರಿಸಿಯೇ ಬರೆಯಿರಿ. ವೇಗಕ್ಕೆಂದು ಒಂದು ಫೋಲ್ಡರ್ ಹೊರಹಾಕಿ ಇನ್ನಷ್ಟು ನಿಧಾನ ಮಾಡಿಕೊಂಡವರ ಕಥೆ ಇದೇ.

ಸಾವಿರಾರು ಸಾಲಿನ ಡಿಕ್ಟ್ ಇರುವ ಪೈಥಾನ್ ಕಡತವನ್ನು ಜೇಸನ್‌ಗೆ ವರ್ಗಾಯಿಸಿ. ಒಂದನ್ನೊಂದು ಕರೆಯುವ, ಹಿಂಟ್ ಇಲ್ಲದ ಉದ್ದ ಫಂಕ್ಷನ್‌ಗಳ ಸರಪಳಿ ಇದ್ದರೆ ರಿಟರ್ನ್ ಟೈಪ್ ಬರೆಯಿರಿ; ಬರೆದಲ್ಲಿಗೆ ಊಹೆಯ ಓಟ ನಿಲ್ಲುತ್ತದೆ. ಜೆಡೈ ಬಳಸುವವರು ದೊಡ್ಡ ಲೈಬ್ರರಿಯ ಮೊದಲ ಚುಕ್ಕಿ ನಿಧಾನವಾದರೆ ಗಾಬರಿ ಬೀಳಬೇಡಿ. ಪಾರ್ಸ್ ಮಾಡಿದ್ದು ಡಿಸ್ಕ್‌ನಲ್ಲಿ ಉಳಿಯುತ್ತದೆ, ಮುಂದಿನ ಸಲ ಬೇಗ.

ಪ್ರಶ್ನೆ: ಹಿಂಟ್ ಹಾಕಿದರೆ ಪ್ರೋಗ್ರಾಂ ವೇಗವಾಗುತ್ತದೆಯೇ?

ಇಲ್ಲ. ಪೈಥಾನ್ ಓಡುವಾಗ ಹಿಂಟ್ ಪಾಲಿಸುವುದಿಲ್ಲ. ಇಂಟ್ ಎಂದ ಕಡೆ ಸ್ಟ್ರಿಂಗ್ ಕಳಿಸಿದರೂ ಸುಮ್ಮನಿರುತ್ತದೆ.

ಪ್ರಶ್ನೆ: ವೇರಿಯಬಲ್ ಹೆಸರು ಕನ್ನಡದಲ್ಲೇ ಇಟ್ಟರೆ ಆಟೊಕಂಪ್ಲೀಷನ್ ಬರುತ್ತದೆಯೇ?

ಪೈಥಾನ್ 3ರಲ್ಲಿ ಕನ್ನಡ ಹೆಸರುಗಳು ನಡೆಯುತ್ತವೆ, ‘ಬೆಲೆ’, ‘ಒಟ್ಟು’ ಎಂದೆಲ್ಲ ಇಡಬಹುದು. ಒಂದು ತೊಡಕಿದೆ. ‘ಯೂಸರ್‌ನೇಮ್’ ಎಂದು ಬರೆಯುವಾಗ ಅರ್ಧಾಕ್ಷರ ಒತ್ತಾಗದಂತೆ ನಡುವೆ ಹಾಕುವ ಕಾಣದ ಅಕ್ಷರ, ಜೀರೊ ವಿಡ್ತ್ ನಾನ್ ಜಾಯ್ನರ್, ಪೈಥಾನ್ ಹೆಸರಿನಲ್ಲಿ ನಿಷಿದ್ಧ. ಸಿಂಟ್ಯಾಕ್ಸ್ ಎರರ್ ಬರುತ್ತದೆ, ಪರದೆಯ ಮೇಲೆ ತಪ್ಪೇನೂ ಕಾಣುವುದಿಲ್ಲ. ಅಂಥ ಹೆಸರಿಗೆ ನಡುವೆ ಅಂಡರ್‌ಸ್ಕೋರ್ ಹಾಕಿ: ಯೂಸರ್_ನೇಮ್.